ನಾಯಕನ ಗಂಟಲು

ನನ್ನ ಸೋದರಮಾವನಿಗೆ ಹನೂರು ಬಸ್ಸಿನಲ್ಲಿ ಸೀಟು ಸಿಗುತ್ತಿದ್ದದ್ದು ಅವನ ದನಿಯಿಂದ. ಮುಖ ನೋಡಿ ಯಾರೂ ಜರುಗುತ್ತಿರಲಿಲ್ಲ. ಕಡ್ಡಿಯಂಥ ಆಳು, ಮೂರು ದಿನದ ಗಡ್ಡ, ಕೈಯಲ್ಲೊಂದು ವೈರು ಬುಟ್ಟಿ. ಬಾಯಿ ಬಿಟ್ಟು "ಒಸಿ ಜರುಗ್ರಪ್ಪ" ಅಂದರೆ ಸಾಕು, ಮುಂದಿನ ಸೀಟಿನವರೂ ತಿರುಗಿ ನೋಡುತ್ತಿದ್ದರು. ಅವರಲ್ಲಿ ಒಬ್ಬನಾದರೂ ಕೇಳಿಯೇ ಕೇಳುತ್ತಿದ್ದ: "ಸಾ, ಆ ಬಾಗ್ಲಿಂದ ಆಚೆ ಇದ್ದೋರು ಯಾರು ಸಾ? ಈಗ್ಲಾದ್ರೂ ಗುಟ್ಟು ಏಳ್ಬುಡಿ."

ಮಾವನಿಗೂ ಗೊತ್ತಿರಲಿಲ್ಲ. "ನಂಗೂ ಯಾರೂ ಏಳ್ನಿಲ್ಲ ಕಣ್ಲಾ" ಎಂದು ನಕ್ಕು ಕಿಟಕಿಯ ಕಡೆ ತಿರುಗುತ್ತಿದ್ದ.

ನಾನು ಹೈಸ್ಕೂಲಿನಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಕನ್ನಡ ಧಾರಾವಾಹಿ ಬರುತ್ತಿತ್ತು. ಭೂಮಿ ಬಿಟ್ಟು ದಾರಿ ತಪ್ಪಿದ ಒಂದು ಆಕಾಶಹಡಗು, ಅದರೊಳಗೆ ಏಳು ಜನ, ಅವರಿಗೊಬ್ಬ ನಾಯಕ. ಹಡಗಿನ ಗೋಡೆ ಥರ್ಮಾಕೋಲಿನದು ಎಂದು ನಮ್ಮ ಯಳಂದೂರಿನ ಮನೆಯ ಕಪ್ಪುಬಿಳುಪು ಟೀವಿಯಲ್ಲೂ ಗೊತ್ತಾಗುತ್ತಿತ್ತು. ನಾಯಕನ ಪಾತ್ರದವನು ನೋಡಲು ರಾಜನ ಹಾಗಿದ್ದ, ಆದರೆ ಕನ್ನಡ ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಆಗ ನಾಟಕದವರ ಜೊತೆ ಬೆಂಗಳೂರಿನಲ್ಲಿದ್ದ ಮಾವನನ್ನು ಹಿಡಿದು ತಂದು ದನಿ ಕೊಡಿಸಿದರು. ಮುಖ ಯಾರದೋ, ಮಾತು ನಮ್ಮ ಮಾವನದು. ನನ್ನ ಅವ್ವ ಭಾನುವಾರ ಟೀವಿಯ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ತಮ್ಮನ ದನಿ ಕೇಳುವಾಗ ಬೇರೆಯವನ ಮುಖ ಯಾಕೆ ನೋಡಲಿ ಅನ್ನುತ್ತಿದ್ದಳು.

ಒಂದು ಭಾನುವಾರ ಹಡಗಿನ ಬಾಗಿಲನ್ನು ಹೊರಗಿನಿಂದ ಯಾರೋ ಬಡಿದರು. ಹೊರಗೆ ಗಾಳಿಯೂ ಇಲ್ಲ, ನೆಲವೂ ಇಲ್ಲ. ನಾಯಕ ಬಾಗಿಲಿಗೆ ಕೈ ಇಟ್ಟು "ಯಾರದು ಆಚೆ?" ಎಂದು ಕೇಳಿದ. ಅಲ್ಲಿಗೆ ಆ ವಾರದ ಕಂತು ಮುಗಿಯಿತು. ಮುಂದಿನ ಭಾನುವಾರ ಅದೇ ಹೊತ್ತಿಗೆ ಒಬ್ಬ ಹೆಂಗಸು ಬಾದಾಮಿ ಹಲ್ವ ಮಾಡುವುದನ್ನು ಹೇಳಿಕೊಡುತ್ತಿದ್ದಳು. ಧಾರಾವಾಹಿ ನಿಂತಿತ್ತು. ಯಾಕೆಂದು ಯಾರೂ ಹೇಳಲಿಲ್ಲ. ಮಾವ ಊರಿಗೆ ವಾಪಸು ಬಂದು ರಾಮಾಪುರದಲ್ಲಿ ಅತ್ತೆಯ ತವರಿನವರು ಕೊಟ್ಟ ಜಮೀನಿನಲ್ಲಿ ರಾಗಿ, ಹುರುಳಿ ಬೆಳೆದುಕೊಂಡು ಉಳಿದುಬಿಟ್ಟ.

ಅವನ ಗಂಟಲಿನ ಬಗ್ಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಒಂದು ಮಾತಿತ್ತು. ಅವ್ವನ ತವರು ಬೆಟ್ಟದ ದೇವರ ಕತೆ ಹಾಡುವ ಮನೆ. ಹಾಡುವವನ ಗಂಟಲು ಒಂದು ಸಲ ಒಡೆಯಬೇಕು ಅನ್ನುವುದು ಆ ಮನೆಯ ನಂಬಿಕೆ. ಕಲಿಯುವಾಗ ದನಿ ಹೋಗುತ್ತದೆ, ತಿಂಗಳುಗಟ್ಟಲೆ ಉಸಿರೇ ಹೊರಡುತ್ತದೆ, ಕೆಲವರಿಗೆ ಎಂಜಲಲ್ಲಿ ರಕ್ತವೂ ಬರುತ್ತದೆ. ಆಮೇಲೆ ಕೂಡಿಕೊಂಡ ದನಿಯೇ ದೇವರು ಒಪ್ಪುವ ದನಿ. ನನ್ನ ತಾತನಿಗೂ ಹಾಗೇ ಆಗಿತ್ತಂತೆ. ಮಾವನಿಗೆ ಆಗಲಿಲ್ಲ. ಅವನ ದನಿ ಹುಟ್ಟಿದಾಗಿನಿಂದ ಹಾಲಿನ ಹಾಗೆ ನುಣುಪು. ತಾತ ಅದನ್ನು ಹಸಿಗಂಟಲು ಎಂದು ಕರೆದು, ತಂಬೂರಿಯನ್ನು ದಾಯಾದಿಯ ಮಗನಿಗೆ ಕೊಟ್ಟುಬಿಟ್ಟ. ಮಾವ ನಾಟಕದವರ ಹಿಂದೆ ಹೋದದ್ದು ಆ ಸಿಟ್ಟಿಗೇ. ಐವತ್ತು ದಾಟಿದ ಮೇಲೂ ಯಾರಾದರೂ ತಂಬೂರಿ ಮೀಟಿದರೆ ಅವನು ಅಲ್ಲಿಂದ ಎದ್ದು ಹೋಗುತ್ತಿದ್ದ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾವು ಮಾಡಿದ್ದು ಬರೀ ಪೆದ್ದುತನವಾಗಿರಲಿಲ್ಲ. ಪೆದ್ದುತನವಾಗಿದ್ದರೆ ನನಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

ಧಾರಾವಾಹಿ ನಿಂತು ಎಷ್ಟೋ ವರ್ಷವಾದ ಮೇಲೆ ನಾನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರು ಇಟ್ಟಿದ್ದೆ. ನಾಲ್ಕು ಕಂಪ್ಯೂಟರು, ಒಂದು ಫೋನು ಲೈನು. ಇಂಟರ್‌ನೆಟ್ಟು ಸೇರಬೇಕಾದರೆ ಮೋಡೆಮ್ಮು ಕತ್ತು ಹಿಸುಕಿದ ಕೋಳಿಯ ಹಾಗೆ ಕೂಗುತ್ತಿತ್ತು. ಕೆಲಸವಿಲ್ಲದ ಒಂದು ಮಧ್ಯಾಹ್ನ ಆ ಹಳೇ ಧಾರಾವಾಹಿಯ ಹೆಸರು ಹಾಕಿ ಹುಡುಕಿದೆ. ಒಂದು ಜಾಲತಾಣ ಸಿಕ್ಕಿತು. ಆಗ ಅದರ ಕತೆ ಬರೆಯುತ್ತಿದ್ದವರೊಬ್ಬರು ಇನ್ನಿಬ್ಬರನ್ನು ಕಟ್ಟಿಕೊಂಡು ಬೆಂಗಳೂರಿನಲ್ಲಿ ಅದನ್ನೇ ಕಾರ್ಟೂನು ಮಾಡಿ ಅಲ್ಲಿ ಹಾಕುತ್ತಿದ್ದರು.

ಕಾರ್ಟೂನು ಅಂದರೆ ಏನೋ ಅಂದುಕೊಳ್ಳಬೇಡಿ. ಎಂಟು ನಿಮಿಷದ ಕಂತು ಪರದೆಗೆ ಇಳಿಯಲು ಮುಕ್ಕಾಲು ಗಂಟೆ. ಇಳಿದ ಮೇಲೂ ಚಿತ್ರ ಅಲುಗುತ್ತಿರಲಿಲ್ಲ. ತುಟಿ ತೆರೆಯುವುದು, ಮುಚ್ಚುವುದು. ಒಮ್ಮೊಮ್ಮೆ ಕಣ್ಣು ಮಿಟುಕುವುದು. ನಾಯಕನ ಮೈ ಒಂದೇ ಬಣ್ಣದ ಹಲಗೆ. ಆ ನಿಶ್ಚಲವಾದ ಮುಖಗಳಲ್ಲಿ ತುಟಿ ಮಾತ್ರ ಆಡುವುದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಅದು ಸಂತೋಷದಿಂದಲ್ಲ. ಸತ್ತವರನ್ನು ಕೂರಿಸಿ ಮಾತಾಡಿಸಿದ ಹಾಗೆ ಕಾಣುತ್ತಿತ್ತು. ಅವತ್ತೇ ಪುಟ ಮುಚ್ಚಿ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು.

ಅವರು ಅದಾಗಲೇ ಎರಡು ಕಂತು ಹಾಕಿದ್ದರು. ನಾಯಕನಿಗೆ ಬೇರೆ ಯಾರದೋ ದನಿ. ನೋಡಿದವರು ಕೆಳಗೆ ಬರೆದು ಉಗಿದಿದ್ದರು: ಇವನಲ್ಲ, ಹಳಬನನ್ನು ಕರೆಸಿ. ನಾನು ಈಮೇಲ್ ಹಾಕಿದೆ. ಆ ದನಿ ನನ್ನ ಮಾವನದು, ರಾಮಾಪುರದಲ್ಲಿದ್ದಾನೆ ಎಂದು. ಸಂಜೆಯೊಳಗೆ ಉತ್ತರ ಬಂತು. ಒಂದೇ ಸಾಲು: ಆ ದನಿ ಇನ್ನೂ ಹಾಗೇ ಇದೆಯೇ?

ಹಾಗೇ ಇದೆ ಎಂದು ಬರೆದೆ. ಹಾಕಿದ್ದ ಎರಡನ್ನೂ ಮಾವನ ದನಿಯಲ್ಲಿ ಹೊಸದಾಗಿ ಮಾಡಿ ಒಟ್ಟು ಎಂಟು ಕಂತು ಮಾಡುವುದು, ಎಂಟನೆಯದರಲ್ಲಿ ಬಾಗಿಲ ಆಚೆ ಯಾರಿದ್ದರು ಎಂದು ಹೇಳುವುದು ಎಂದು ಗೊತ್ತಾಯಿತು. ಮಾವನಿಗೆ ಹೇಳಿದಾಗ ಅವನು ಕೇಳಿದ್ದು ದುಡ್ಡಿನ ಮಾತಲ್ಲ. "ಈ ಸತಿನಾದ್ರೂ ಪೂರಾ ಮಾಡ್ತಾರೇನಮ್ಮಿ?" ಎಂದ. ಮಾಡ್ತಾರೆ ಎಂದೆ.

ನನ್ನ ಸೆಂಟರಿನಲ್ಲಿ ರೆಕಾರ್ಡು ಮಾಡುವ ಹಾಗಿರಲಿಲ್ಲ; ಕೆಳಗೆ ಬಸ್ಸಿನ ಹಾರನ್ನು, ಏಜೆಂಟರ ಕೂಗು. ಹಾಗಾಗಿ ಸೆಂಟರಿಗೆ ರಜೆ ಇದ್ದ ದಿನ ನಾನೇ ಟೇಪ್‌ರೆಕಾರ್ಡರು, ಮೈಕು, ಬ್ಯಾಟರಿ ಹೊತ್ತುಕೊಂಡು ರಾಮಾಪುರಕ್ಕೆ ಹೋಗುತ್ತಿದ್ದೆ. ಮಾವನ ಹೊಲದ ಕೊನೆಗೆ, ಕಾಡಿನ ಕಡೆಗೆ, ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಒಂದು ಉದ್ದನೆಯ ಕೋಣೆಯಿತ್ತು. ಹುಳುವಿಗೆ ರೋಗ ಬಿದ್ದ ಮೇಲೆ ಅದನ್ನು ಬಿಟ್ಟಿದ್ದರು. ಸುಣ್ಣದ ವಾಸನೆ, ಔಷಧಿಯ ವಾಸನೆ. ಕಿಟಕಿಗಳಿಗೆ ಗೋಣಿತಾಟು ಹೊಡೆದರೆ ಹೊರಗಿನ ಹಕ್ಕಿಯ ದನಿಯೂ ಕೇಳುತ್ತಿರಲಿಲ್ಲ. ಬಾಗಿಲು ಹಾಕಿದ ಕೂಡಲೇ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಗುತ್ತಿತ್ತು. ಮಾವನಿಗೆ ಆ ಜಾಗ ತುಂಬ ಇಷ್ಟವಾಯಿತು. ನನಗೆ ಒಂದು ದಿನವೂ ಇಷ್ಟವಾಗಲಿಲ್ಲ.

ಅವನದೊಂದು ತೊಂದರೆಯಿತ್ತು. ಎದುರಿಗೆ ಯಾರಾದರೂ ಹೂಂಗುಟ್ಟದಿದ್ದರೆ ಅವನಿಗೆ ಎರಡನೇ ವಾಕ್ಯ ಬರುತ್ತಿರಲಿಲ್ಲ. ಕತೆಯ ಮನೆಯಲ್ಲಿ ಬೆಳೆದವನು. ಹೂಂ ಅನ್ನದ ಕಡೆ ಕತೆ ಹೇಳಿದರೆ ಕೇಳಬಾರದವರು ಬಂದು ಕೇಳುತ್ತಾರೆ ಎಂದು ತಾತ ಹೆದರಿಸಿಟ್ಟಿದ್ದ. ಹಾಗಾಗಿ ನಾಯಕ "ಎಂಜಿನ್ನು ಆರಿಸಿ" ಅಂದರೆ ನಾನು ಹೂಂ ಅನ್ನಬೇಕು, "ಗಾಳಿ ಇನ್ನೆಷ್ಟು ಉಳಿದಿದೆ?" ಅಂದರೆ ಹೂಂ ಅನ್ನಬೇಕು. ಕೊಳ್ಳೇಗಾಲಕ್ಕೆ ಬಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಕೂತು ಒಂದೊಂದೇ ಹೂಂ ಕತ್ತರಿಸುತ್ತಿದ್ದೆ. ಪರದೆಯ ಮೇಲೆ ದನಿ ಒಂದು ಹಸಿರು ಗೆರೆಯಾಗಿ ಕಾಣುತ್ತದೆ. ಮಾವನ ಗೆರೆ ಯಾವುದು, ನನ್ನದು ಯಾವುದು ಎಂದು ಕೇಳದೆಯೇ ಹೇಳುವಷ್ಟು ನನಗೆ ಅದು ಪಾಠವಾಗಿತ್ತು. ಅವನ ದನಿಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ.

ಮೊದಲನೇ ಕ್ಯಾಸೆಟ್ಟಿನಲ್ಲಿ ಗೆರೆ ನುಣ್ಣಗಿತ್ತು. ಎರಡನೆಯದರಲ್ಲಿ ಅಂಚು ಒರಟಾಯಿತು. ನೆಗಡಿ ಇರಬೇಕು ಅಂದುಕೊಂಡೆ. ಮೂರನೆಯದರಲ್ಲಿ ಮಾತಿನ ಕೊನೆಗೆ ದನಿ ಬಿಟ್ಟು ಉಸಿರಷ್ಟೇ ಹೊರಡುತ್ತಿತ್ತು, ಟಯರಿನ ಮುಳ್ಳುತೂತಿನಿಂದ ಗಾಳಿ ಹೋಗುವ ಹಾಗೆ. ಕಳಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಕಳಿಸಿದೆ.

ಆ ಕಂತಿಗೆ ಬಂದ ಹೊಗಳಿಕೆ ಹಿಂದಿನ ಎರಡಕ್ಕೂ ಬಂದಿರಲಿಲ್ಲ. ದಾರಿ ತಪ್ಪಿ ವರ್ಷಗಟ್ಟಲೆ ಅಲೆದ ನಾಯಕನ ದನಿ ಹೀಗೇ ಇರಬೇಕು, ಹಳೆಯದಕ್ಕಿಂತ ಇದೇ ಎದೆಗೆ ನಾಟುತ್ತದೆ ಎಂದು ಯಾರ್ಯಾರೋ ಎಲ್ಲೆಲ್ಲಿಂದಲೋ ಬರೆದರು. ಬೆಂಗಳೂರಿನವರು ನನಗೆ ಬರೆದರು: ಇದೇ ದನಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ, ದಯವಿಟ್ಟು. ಕಂತಿನ ಕೊನೆಗೆ ದನಿಮುದ್ರಣ ಎಂದು ನನ್ನ ಹೆಸರು ಬರುತ್ತಿತ್ತು. ಅದನ್ನು ನಾನು ನಾಲ್ಕೂ ಕಂಪ್ಯೂಟರಿನಲ್ಲಿ ತೆರೆದಿಟ್ಟು ನೋಡಿದ್ದೇನೆ. ನಾಚಿಕೆಗೇಡು, ಆದರೆ ನಿಜ.

ಆ ಹೊಗಳಿಕೆಯನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು ಮಾವನಿಗೆ ಓದಿ ಹೇಳಿದೆ. ಅವನು ಗಂಟಲ ಮೇಲೆ ಕೈ ಇಟ್ಟುಕೊಂಡ. ಆಮೇಲೆ, "ಒಡೀತಾ ಅದೆ ಕಣಮ್ಮಿ" ಎಂದ. "ಅಪ್ಪ ಇದ್ದಿದ್ರೆ ಕೇಳೋನು."

ಅವನ ಕಣ್ಣು ತುಂಬಿತ್ತು. ಅತ್ತೆ ಅವತ್ತು ದೇವರ ಮುಂದೆ ದೀಪ ಹಚ್ಚಿದಳು. ಯಳಂದೂರಿನಲ್ಲಿ ಅವ್ವನಿಗೆ ಹೇಳಿದರೆ, ಐವತ್ತು ದಾಟಿದ ಮೇಲಾದರೂ ಗಂಟಲು ಒಡೆಯಿತಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಡೀ ಮನೆಗೆ ಹಬ್ಬ.

ಈ ಹಬ್ಬಕ್ಕೂ ಮೊದಲೇ ಒಬ್ಬರು ಎಚ್ಚರ ಹೇಳಿದ್ದರು. ಕೆಮ್ಮಿಗೆ ಔಷಧಿ ತರಲು ಹೋದಾಗ ಊರಿನ ಡಾಕ್ಟರು ಮಾವನ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಇಲ್ಲಿ ನನಗೆ ಪೂರ್ತಿ ಕಾಣುವುದಿಲ್ಲ, ತಡ ಮಾಡದೆ ಮೈಸೂರಿಗೆ ಹೋಗಿ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ಮೂರನೇ ಕ್ಯಾಸೆಟ್ಟು ಮಾಡುವ ಹಿಂದಿನ ದಿನದ ಮಾತಿದು. ಮಾರನೇ ದಿನ ನಾಯಕನ ಮಾತು ಮುಗಿಸಿ, ಟೇಪು ಇನ್ನೂ ಓಡುತ್ತಿರುವಾಗಲೇ, ಮಾವ ಜೇಬಿನಿಂದ ಆ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. "ಓದೋಳು ನೀನು. ಈಗ್ಲೇ ಓಗ್ಬೇಕಾ, ಏನಮ್ಮಿ?" ಎಂದು ಕೇಳಿದ.

ನನಗೆ ಗೊತ್ತಿದ್ದದ್ದು ಇಷ್ಟು: ಮೈಸೂರಿನ ಡಾಕ್ಟರು ಮೊದಲು ಹೇಳುವುದೇ ತಿಂಗಳು ಮಾತಾಡಬೇಡಿ ಎಂದು. ನಾಲ್ಕನೇ ಕಂತಿಗೆ ಉಳಿದಿದ್ದದ್ದು ಹತ್ತು ದಿನ. "ಎಂಟೂ ಮುಗೀಲಿ ಮಾವ, ಆಮೇಲೆ ಹೋಗೋಣ. ಈಗ ತಾನೆ ಗಂಟಲು ಒಡೀತಿದೆಯೋ ಏನೋ, ಔಷಧಿ ಹಾಕಿ ಕೆಡಿಸಿಕೊಳ್ಳೋದು ಬೇಡ" ಎಂದೆ. ಅವನಿಗೂ ಅದೇ ಬೇಕಾಗಿತ್ತು ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಆದರೆ ಅವನು ಕೇಳಿದ್ದು ನನ್ನನ್ನು. ಆ ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ಚೀಟಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಪರದೆಯ ಗೆರೆ ಮುಳ್ಳುಬೇಲಿಯಾಯಿತು. ನಾಲ್ಕು, ಐದು, ಆರು. ಒಂದು ಸಾಲು ಹೇಳಲು ಮಾವನಿಗೆ ಎರಡು ಸಲ ಉಸಿರು ಬೇಕಾಗುತ್ತಿತ್ತು. ಬೆಂಗಳೂರಿನವರಿಗೆ ಇದು ಗೊತ್ತಿಲ್ಲ. ಅವರು ನಾಯಕನ ಮಾತನ್ನು ಇನ್ನೂ ಹೆಚ್ಚಿಸಿ ಬರೆದು ಕಳಿಸುತ್ತಿದ್ದರು. ಹಡಗಿನಲ್ಲಿ ಗಾಳಿ ಕಡಿಮೆಯಾಗುತ್ತಿದ್ದ ಕತೆ ಬೇರೆ. ಆ ಮುಚ್ಚಿದ ಕೋಣೆಯಲ್ಲಿ ಮಾವ "ನಮ್ಮಲ್ಲಿ ಇನ್ನು ಹೆಚ್ಚು ಹೊತ್ತಿಲ್ಲ" ಎಂದು ಓದುತ್ತಿದ್ದರೆ ನಾನು ಹೂಂ ಅನ್ನುತ್ತ ಅವನ ಕತ್ತಿನ ನರ ನೋಡುತ್ತ ಕೂತಿರುತ್ತಿದ್ದೆ. ಅವನು ಮುದ್ದೆ ನುಂಗುವುದನ್ನು ಬಿಟ್ಟು ಗಂಜಿಗೆ ಬಂದಿದ್ದ. ಅತ್ತೆ, ಗಂಟಲು ಒಡೆಯುವಾಗ ನಿಮ್ಮ ತಾತನೂ ಗಂಜಿಯೇ ಕುಡಿದಿದ್ದರಂತೆ ಎಂದಳು. ನನಗೆ ಒಳಗೆ ಭಯ ಹತ್ತಿತ್ತು. ಹೌದು, ಗೊತ್ತಾಗಿತ್ತು. ಇನ್ನೆರಡೇ ತಾನೆ ಅಂದುಕೊಂಡೆ.

ಏಳನೇ ಕ್ಯಾಸೆಟ್ಟಿನ ದಿನ ಅವನು ಕೊನೆಯ ಸಾಲು ಹೇಳಿ ಕೆಮ್ಮಿ ಟವಲು ಬಾಯಿಗೆ ಹಿಡಿದ. ಟವಲಿನಲ್ಲಿ ರಕ್ತ. ಅದನ್ನು ನನಗೆ ತೋರಿಸಿ ನಕ್ಕ. ತಾತನಿಗೂ ಹೀಗೇ ಬಂದಿತ್ತು ಎಂದು ಅವನಿಗೆ ಹೆಮ್ಮೆ. ಆ ನಗುವಿಗೆ ದನಿಯಿರಲಿಲ್ಲ. ನಾನು ಟೇಪು ಆರಿಸಿ, ಮೈಕು ಸುತ್ತಿ, ಅವತ್ತಿನ ಮಧ್ಯಾಹ್ನದ ಬಸ್ಸಿಗೇ ಅವನನ್ನೂ ಅತ್ತೆಯನ್ನೂ ಹತ್ತಿಸಿದೆ. ಹನೂರು, ಕೊಳ್ಳೇಗಾಲ ದಾಟಿ ಮೈಸೂರು. ಬಸ್ಸಿನಲ್ಲಿ ಯಾರೋ ಹಳಬರು ಗುರುತು ಹಿಡಿದು, "ಸಾ, ಆಚೆ ಯಾರು ಅಂತ ತಿಳೀತಾ ಸಾ?" ಎಂದರು. ಮಾವ ಇನ್ನೊಂದೇ ಬಾಕಿ ಎಂದು ಬೆರಳು ತೋರಿಸಿದ.

ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಗಂಟಲಿನ ಕ್ಯಾನ್ಸರು. ಗಂಟಲ ಗೂಡನ್ನೇ ತೆಗೆಯಬೇಕು, ಇನ್ನು ಕತ್ತಿನಲ್ಲಿ ಮಾಡುವ ತೂತಿನಿಂದಲೇ ಇವರು ಉಸಿರಾಡಬೇಕು, ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ದನಿ ಕೆಟ್ಟದ್ದು ಯಾವಾಗಿನಿಂದ ಎಂದು ಕೇಳಿದರೆ ಅತ್ತೆ ದೀಪಾವಳಿಯಿಂದ ಎಂದಳು, ಮಾವ ಕೈಯಲ್ಲೇ ಇಲ್ಲ, ಅದಕ್ಕೂ ಮೊದಲು ಎಂದ. ನನ್ನ ಬಾಯಿ ಸುಮ್ಮನಿರದೆ, ನನ್ನ ಹತ್ತಿರ ಒಂದು ವರ್ಷದ ಕ್ಯಾಸೆಟ್ಟುಗಳಿವೆ ಸರ್, ಎಲ್ಲದರ ಮೇಲೂ ತಾರೀಕು ಬರೆದಿದ್ದೇನೆ ಎಂದೆ. ತನ್ನಿ, ಕೇಳುತ್ತೇನೆ ಎಂದರು ಅವರು.

ಮಾರನೇ ದಿನ ಅವರ ಕೋಣೆಯಲ್ಲಿ ನಾವಿಬ್ಬರೇ. ಮಾವ, ಅತ್ತೆ ಹೊರಗೆ ಬೆಂಚಿನ ಮೇಲೆ. ಡಾಕ್ಟರು ವಾಕ್‌ಮನ್ನಿನ ಇಯರ್‌ಫೋನು ಕಿವಿಗೆ ಹಾಕಿಕೊಂಡು ಒಂದನೆಯದನ್ನು ಸ್ವಲ್ಪ ಕೇಳಿದರು, ಎರಡನೆಯದನ್ನು ಸ್ವಲ್ಪ ಕೇಳಿದರು. ಮೂರನೆಯದನ್ನು ಪೂರ್ತಿ ಕೇಳಿದರು. ಮಾತು ಮುಗಿದ ಮೇಲೂ ಅವರು ಅದನ್ನು ನಿಲ್ಲಿಸಲಿಲ್ಲ. ಆಗ ನನಗೆ ನೆನಪಾಯಿತು. ಆ ಕ್ಯಾಸೆಟ್ಟಿನ ಕೊನೆಗೆ ಮಾವನ ಪ್ರಶ್ನೆಯೂ ನನ್ನ ಉತ್ತರವೂ ಇದ್ದವು. ಅವರ ಮುಖವನ್ನೇ ನೋಡುತ್ತ ಕೂತೆ. ಅವರು ನಿಧಾನವಾಗಿ ಇಯರ್‌ಫೋನು ತೆಗೆದರು.

"ಆಮೇಲೆ ಹೋಗೋಣ ಅಂತಿರೋದು ನೀವೇನಾ?"

"ಹೌದು ಸರ್."

"ಆಗಲೇ ಇಲ್ಲಿಗೆ ಬಂದಿದ್ದರೆ ಕರೆಂಟು ಚಿಕಿತ್ಸೆಯಲ್ಲೇ, ರೇಡಿಯೇಶನ್ನಿನಲ್ಲೇ ಮುಗಿಸಬಹುದಿತ್ತು. ದನಿ ಉಳೀತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ. ಕ್ಯಾಸೆಟ್ಟುಗಳನ್ನು ಡಬ್ಬಿಗೆ ಹಾಕಿ ನನ್ನ ಕಡೆಗೆ ತಳ್ಳಿ, ಮುಂದಿನವರನ್ನು ಕರೆಯಿರಿ ಎಂದರು. ಹೊರಗೆ ಮಾವ ಎದ್ದು ನಿಂತ. "ಏನಂದ್ರು?" ಎಂದು ಉಸಿರಿನಲ್ಲೇ ಕೇಳಿದ. ಗುರುವಾರ ಆಪರೇಶನ್ನು ಎಂದೆ. ಬೇರೇನೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಆಪರೇಶನ್ ಆದ ವಾರವೇ ಎಂಟನೇ ಕಂತಿನ ಮಾತುಗಳು ಬಂದವು. ಸೆಂಟರಿನಲ್ಲಿ ನಿಂತುಕೊಂಡೇ ಓದಿದೆ. ಆಚೆ ಯಾರೂ ಇರಲಿಲ್ಲವಂತೆ. ಹಡಗಿನದೇ ಒಂದು ತಗಡು ಸಡಿಲವಾಗಿ ಬಡಿದುಕೊಳ್ಳುತ್ತಿತ್ತಂತೆ. ಆಗಲೇ ಬಿಗಿ ಮಾಡಿದ್ದರೆ ಹಡಗು ಉಳಿಯುತ್ತಿತ್ತಂತೆ. ಕಾಗದ ಹರಿದುಹಾಕಿದೆ. ಬೇರೆ ಯಾರ ಕೈಲೋ ಓದಿಸಿ ಅವರು ಅದನ್ನು ಹಾಕಿದರು. ನಾನು ನೋಡಲಿಲ್ಲ. ಮಾವ ನೋಡಿದನೋ ಇಲ್ಲವೋ ಗೊತ್ತಿಲ್ಲ, ಅವನು ಆ ಮಾತು ಎತ್ತಲೇ ಇಲ್ಲ.

ಮಾವ ಇದ್ದಾನೆ. ಎಪ್ಪತ್ತು ದಾಟಿದೆ. ಕತ್ತಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾನೆ. ಹೇಳಬೇಕಾದ್ದನ್ನು ಕೈಯಲ್ಲಿ ಹೇಳುತ್ತಾನೆ. ಆ ಕಾರ್ಟೂನು ಈಗ ಎಲ್ಲೂ ಇಲ್ಲ. ಜಾಲತಾಣ ಮುಚ್ಚಿತು, ಅಂಥ ಚಿತ್ರ ಆಡಿಸುವ ತಂತ್ರಾಂಶವೇ ಕಂಪ್ಯೂಟರುಗಳಿಂದ ಹೊರಟುಹೋಯಿತು. ನಾಯಕನ ಮುಖ ಹೋಯಿತು, ಹಡಗು ಹೋಯಿತು. ದನಿಯನ್ನು ಮಾತ್ರ ನಾನು ಅತ್ತೆಯ ಮೊಬೈಲಿಗೆ ಹಾಕಿಕೊಟ್ಟಿದ್ದೇನೆ, ಮೂರನೆಯದರ ಕೊನೆಯನ್ನು ಕತ್ತರಿಸಿ.

ಅತ್ತೆ ಅದನ್ನು ದಿನಾ ಕೇಳುತ್ತಾಳೆ. ಮನೆಗೆ ಯಾರೇ ಬರಲಿ, ನನ್ನನ್ನು ಮುಂದೆ ಕೂರಿಸಿಕೊಂಡು ಅವರಿಗೆ ಹೇಳುತ್ತಾಳೆ: "ಇವಳೊಬ್ಳು ಇಲ್ದೇ ಓಗಿದ್ರೆ ನಮ್ಮೋರ ದನಿಯೇ ಉಳೀತಿರ್ನಿಲ್ಲ ಕಣ್ರಿ." ಪಕ್ಕದಲ್ಲಿ ಕೂತ ಮಾವ ಹೌದು ಹೌದು ಎಂದು ತಲೆಯಾಡಿಸಿ, ನನ್ನ ತಲೆ ಸವರುತ್ತಾನೆ. ನಾನು ತಲೆ ಬಗ್ಗಿಸಿ ಸವರಿಸಿಕೊಳ್ಳುತ್ತೇನೆ.